ಎಟಿಎಲ್‌ಎಸ್‌ ಪುಸ್ತಕವನ್ನು ಕಣ್ಣಿನಿಂದಲ್ಲ, ಬಾಯಿಂದ ಓದಿ

ಪ್ರಶ್ನೆ: ನಾನು ಕೊಡಗಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿ. ಎಂಬಿಬಿಎಸ್ ಮುಗಿಸಿ ಎರಡು ವರ್ಷವಾಯಿತು. ಮುಂದಿನ ತಿಂಗಳು ಗಾಯಾಳುಗಳ ತುರ್ತು ಚಿಕಿತ್ಸೆ ಕಲಿಸುವ ಅಡ್ವಾನ್ಸ್ಡ್ ಟ್ರಾಮಾ ಲೈಫ್ ಸಪೋರ್ಟ್, ಅಂದರೆ ಎಟಿಎಲ್‌ಎಸ್ ಕೋರ್ಸಿಗೆ ಸೀಟು ಸಿಕ್ಕಿದೆ. ಪುಸ್ತಕ ಬಂದು ಹತ್ತು ದಿನವಾದರೂ ಎರಡನೇ ಅಧ್ಯಾಯ ದಾಟಿಲ್ಲ. ನೈಟ್ ಡ್ಯೂಟಿ ಮುಗಿಸಿ ಕೂತರೆ ನಿದ್ದೆ ಎಳೆಯುತ್ತದೆ. ಹೇಗೆ ತಯಾರಾಗಲಿ ಸರ್? ಇನ್ನೊಂದು ಅನುಮಾನ. ನಮ್ಮಲ್ಲಿ ಸಿಟಿ ಸ್ಕ್ಯಾನ್ ಇಲ್ಲ, ರಾತ್ರಿ ಸರ್ಜನ್ ಇರುವುದಿಲ್ಲ. ದೊಡ್ಡ ಟ್ರಾಮಾ ಸೆಂಟರಿನವರ ಕೋರ್ಸ್ ನಮ್ಮಂಥವರಿಗೆ ಎಷ್ಟು ಉಪಯೋಗ?

ಉತ್ತರ: ಎರಡನೇ ಅನುಮಾನವನ್ನೇ ಮೊದಲು ಬಗೆಹರಿಸೋಣ. ಅದು ಹೋದರೆ ನೀವು ಓದುವ ರೀತಿಯೇ ಬದಲಾಗುತ್ತದೆ.

ಈ ಕೋರ್ಸ್ ಹುಟ್ಟಿದ್ದು ದೊಡ್ಡ ಆಸ್ಪತ್ರೆಯಲ್ಲಲ್ಲ. 1976ರ ಫೆಬ್ರುವರಿಯಲ್ಲಿ ಮೂಳೆ ಶಸ್ತ್ರಚಿಕಿತ್ಸಕ ಜೇಮ್ಸ್ ಸ್ಟೈನರ್ ತಾವೇ ಹಾರಿಸುತ್ತಿದ್ದ ಸಣ್ಣ ವಿಮಾನ ಅಮೆರಿಕದ ನೆಬ್ರಾಸ್ಕ ರಾಜ್ಯದ ಹೊಲವೊಂದರಲ್ಲಿ ಬಿತ್ತು. ಹೆಂಡತಿ ತೀರಿಕೊಂಡರು, ನಾಲ್ವರು ಮಕ್ಕಳಲ್ಲಿ ಮೂವರಿಗೆ ತೀವ್ರ ಪೆಟ್ಟಾಯಿತು. ಹತ್ತಿರದ ಹಳ್ಳಿಗಾಡಿನ ಆಸ್ಪತ್ರೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವೇ ಇಲ್ಲದ ಚಿಕಿತ್ಸೆಯನ್ನು ಅವರು ಕಣ್ಣಾರೆ ಕಂಡರು. ಆ ಸಂಕಟದಿಂದ ಬಂದದ್ದು 1978ರಲ್ಲಿ ಅದೇ ರಾಜ್ಯದ ಆಬರ್ನ್ ಎಂಬ ಊರಿನಲ್ಲಿ ನಡೆದ ಮೊದಲ ಕೋರ್ಸ್. 1980ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಅದನ್ನು ತನ್ನದಾಗಿ ಮಾಡಿಕೊಂಡಿತು. ರಾತ್ರಿ ಒಬ್ಬರೇ ಡ್ಯೂಟಿಯಲ್ಲಿರುವ ಡಾಕ್ಟರಿಗಾಗಿ ಮಾಡಿದ ಕೋರ್ಸ್ ಇದು, ನಿಮಗಾಗಿಯೇ.

ಇನ್ನು ತಯಾರಿ. ನಾನು ಮೊದಲ ಸಲ ಹೋದಾಗ ಪುಸ್ತಕವನ್ನು ಎರಡು ಸಲ ಓದಿದ್ದೆ, ಲಿಖಿತ ಪರೀಕ್ಷೆಯೂ ಚೆನ್ನಾಗಿಯೇ ಆಯಿತು. 40 ಪ್ರಶ್ನೆಗಳಲ್ಲಿ 30 ಸರಿ ಇದ್ದರೆ ಪಾಸು. ಆದರೆ ಪ್ರಾತ್ಯಕ್ಷಿಕೆಯ ಕೋಣೆಗೆ ಹೋದಾಗ ರೋಗಿಯ ಪಾತ್ರದವನ ಮೊಣಕಾಲ ಕೆಳಗೆ ಮೂಳೆ ಹೊರಬಂದಂತೆ ಬಣ್ಣ ಹಚ್ಚಿದ್ದರು. ನನ್ನ ಕೈ ನೇರ ಅಲ್ಲಿಗೇ ಹೋಯಿತು. ಉಸಿರಿನ ದಾರಿ ಕಟ್ಟಿದವನಂತೆ ಅವನು ಗೊರಗೊರ ಸದ್ದು ಮಾಡುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿದ್ದರೂ ಮನಸ್ಸಿಗೆ ಬಿದ್ದಿರಲಿಲ್ಲ. ಆ ಸುತ್ತನ್ನು ಮತ್ತೆ ಮಾಡಬೇಕಾಯಿತು. ನನಗೆ ಗೊತ್ತಿತ್ತು, ಆದರೆ ಬಾಯಿಗೆ ಬಂದಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ದಿನಕ್ಕೆ ಇಪ್ಪತ್ತು ನಿಮಿಷ ಜೋರಾಗಿ ಹೇಳಿ ಅಭ್ಯಾಸ ಮಾಡಿ. ಕೇಸನ್ನು ನಮ್ಮ ಸುತ್ತಮುತ್ತಲಿನಿಂದಲೇ ತೆಗೆದುಕೊಳ್ಳಿ. ಸಿಲ್ವರ್ ಓಕ್ ಮರಕ್ಕೆ ಏಣಿ ಇಟ್ಟು ಮೆಣಸು ಕೊಯ್ಯುತ್ತಿದ್ದವನು ಇಪ್ಪತ್ತು ಅಡಿಯಿಂದ ಬಿದ್ದಿದ್ದಾನೆ, ಜೀಪಿನ ಹಿಂದೆ ಮಲಗಿಸಿ ತಂದಿದ್ದಾರೆ. ಒಬ್ಬರು ಕೇಸ್ ಓದಲಿ, ನೀವು ಹೇಳುತ್ತಾ ಹೋಗಿ. ಸುರಿಯುವ ರಕ್ತ ಇದೆಯೇ? ಒತ್ತಿ ಹಿಡಿದೆ. ನಿನ್ನ ಹೆಸರೇನಪ್ಪಾ, ಏನಾಯಿತು? ಸರಿಯಾಗಿ ಉತ್ತರ ಕೊಟ್ಟನೆಂದರೆ ಸದ್ಯಕ್ಕೆ ಉಸಿರಿನ ದಾರಿ ತೆರೆದಿದೆ, ಮೆದುಳಿಗೆ ರಕ್ತ ಹೋಗುತ್ತಿದೆ ಎಂದರ್ಥ. ಕತ್ತು ಅಲುಗದಂತೆ ಹಿಡಿದು ಉಸಿರಾಟ, ರಕ್ತಚಲನೆ, ಪ್ರಜ್ಞೆ ನೋಡಿ, ಆಮೇಲೆ ಬಟ್ಟೆ ಬಿಚ್ಚಿ ಪೂರ್ತಿ ನೋಡಿ ಕಂಬಳಿ ಹೊದಿಸುವುದು. ಒಂದು ಹಂತದಲ್ಲಿ ಸಮಸ್ಯೆ ಸಿಕ್ಕರೆ ಅಲ್ಲೇ ಸರಿಪಡಿಸಿ ಮುಂದೆ ಹೋಗಬೇಕು. ಹದಗೆಟ್ಟರೆ ಮತ್ತೆ ಮೊದಲಿನಿಂದ.

ಇಲ್ಲೊಂದು ಮಾತು. ನಮ್ಮ ತೋಟಗಳಲ್ಲಿ ಈಗ ಅಸ್ಸಾಂ ಕಡೆಯಿಂದ ಬಂದವರು ಬಹಳ ಜನ. ಕನ್ನಡದಲ್ಲಿ ಕೇಳಿದ್ದಕ್ಕೆ ಉತ್ತರ ಬರಲಿಲ್ಲವೆಂದು ಪ್ರಜ್ಞೆಯ ಅಂಕ (ಗ್ಲಾಸ್ಗೊ ಕೋಮಾ ಸ್ಕೇಲ್) ಕಡಿಮೆ ಹಾಕಬೇಡಿ. ಲೈನ್ ಮನೆಯಿಂದ ಜೊತೆಗೆ ಬಂದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರಿಂದಲೇ ಕೇಳಿಸಿ.

ಸೀನಿಯರ್ ಕೊಟ್ಟ ಹಳೆಯ ನೋಟ್ಸ್ ಬದಿಗಿಡಿ. 2018ರ ಹತ್ತನೇ ಆವೃತ್ತಿಯಲ್ಲೇ ಹಲವು ವಿಷಯ ಬದಲಾದವು. ಎದೆಯೊಳಗೆ ಗಾಳಿ ಒತ್ತಡ ಕಟ್ಟಿದಾಗ ದೊಡ್ಡವರಿಗೆ ಸೂಜಿ ಹಾಕುವ ಜಾಗ ಈಗ ನಾಲ್ಕನೇ ಅಥವಾ ಐದನೇ ಪಕ್ಕೆಲುಬಿನ ಕೆಳಗಿನ ಸಂದು, ಕಂಕುಳ ನಡುಗೆರೆಯ ತುಸು ಮುಂದೆ. ಮಕ್ಕಳಿಗೆ ಹಳೆಯ ಜಾಗವೇ, ಅಂದರೆ ಎರಡನೇ ಪಕ್ಕೆಲುಬಿನ ಕೆಳಗಿನ ಸಂದು. ಇದಕ್ಕೆ ಎಕ್ಸ್-ರೇ ಕಾಯುವಂತಿಲ್ಲ, ಕೈ-ಕಣ್ಣಿನಲ್ಲೇ ಪತ್ತೆ ಮಾಡಬೇಕು. ಸಲೈನ್ ಒಂದು ಲೀಟರಿಗೆ ನಿಲ್ಲಿಸಿ ರಕ್ತದ ಯೋಚನೆ ಮಾಡಬೇಕು. ರಕ್ತಸ್ರಾವ ತಗ್ಗಿಸುವ ಔಷಧ ಟ್ರಾನೆಕ್ಸಮಿಕ್ ಆಸಿಡ್ ಪೆಟ್ಟಾದ ಮೂರು ಗಂಟೆಯೊಳಗೆ ಹೋಗಬೇಕು. 2025ರ ಹನ್ನೊಂದನೇ ಆವೃತ್ತಿಯಲ್ಲಿ ಉಸಿರಿನ ದಾರಿಯನ್ನು (ಏರ್‌ವೇ) ಸೂಚಿಸುವ ‘ಎ’ ಅಕ್ಷರಕ್ಕೂ ಮುಂಚೆ ‘ಎಕ್ಸ್’ ಬಂದು ಕೂತಿದೆ, ಅಂದರೆ ಪ್ರಾಣ ತೆಗೆಯುವಷ್ಟು ಸುರಿಯುವ ರಕ್ತವನ್ನು ಎಲ್ಲಕ್ಕಿಂತ ಮೊದಲು ನಿಲ್ಲಿಸಿ. ನಿಮ್ಮ ಕೇಂದ್ರ ಕಳಿಸಿದ ಪುಸ್ತಕವನ್ನೇ ನಂಬಿ.

ಸಮಯ ಇಲ್ಲವೆಂದರೆ ಶಾಕ್, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ಹೋಗದ ಸ್ಥಿತಿಯ ಅಧ್ಯಾಯಕ್ಕೆ ಹೆಚ್ಚು ಹೊತ್ತು ಕೊಡಿ. 50 ಕೆಜಿ ತೂಕದ ಹೆಂಗಸಿನ ಮೈಯಲ್ಲಿ ಒಟ್ಟು ರಕ್ತವೇ ಸುಮಾರು ಮೂರೂವರೆ ಲೀಟರ್. ಅದರಲ್ಲಿ ಶೇ 30, ಹೆಚ್ಚುಕಡಿಮೆ ಒಂದು ಲೀಟರ್ ಹೋಗುವ ತನಕ ಮೇಲಿನ ಬಿಪಿ ಇಳಿಯದೇ ಇರಬಹುದು. ಅಷ್ಟರೊಳಗೆ ನಾಡಿ ಏರಿರುತ್ತದೆ, ಮೇಲಿನ-ಕೆಳಗಿನ ಬಿಪಿಯ ಅಂತರ ಕಿರಿದಾಗಿರುತ್ತದೆ, ಕೈ ತಣ್ಣಗಾಗಿರುತ್ತದೆ. ‘ಬಿಪಿ ನಾರ್ಮಲ್ ಸರ್’ ಎಂದು ಫೋನಿನಲ್ಲಿ ಹೇಳಿ ಅರ್ಧ ಗಂಟೆಯಲ್ಲಿ ಕಳೆದುಕೊಂಡ ರೋಗಿಗಳ ನೆನಪು ನನಗಿನ್ನೂ ಇದೆ. ಆನೆ ತುಳಿದವರು, ಮರದಿಂದ ಬಿದ್ದವರಲ್ಲಿ ಸೊಂಟದ ಮೂಳೆ ಮುರಿದು ರಕ್ತ ಒಳಗೇ ಹೋಗುತ್ತಿರುತ್ತದೆ. ಇವತ್ತೇ ವಾರ್ಡಿನ ಒಂದು ಬೆಡ್‌ಶೀಟ್ ಉದ್ದಕ್ಕೆ ಮಡಿಸಿ, ಸಹೋದ್ಯೋಗಿಯ ಸೊಂಟದಡಿ ತೂರಿಸಿ, ಮುಂದೆ ಎಳೆದು ಬಿಗಿದು ನೋಡಿ. ಹೆಚ್ಚಿನವರು ಹೊಟ್ಟೆಯ ಮಟ್ಟಕ್ಕೆ ಕಟ್ಟುತ್ತಾರೆ. ಕಟ್ಟಬೇಕಾದದ್ದು ಕೆಳಗೆ, ತೊಡೆಮೂಳೆಯ ಮೇಲ್ತುದಿ ಪಕ್ಕದಲ್ಲಿ ಉಬ್ಬಿ ಕೈಗೆ ಸಿಗುತ್ತದಲ್ಲ, ಅಲ್ಲಿ.

ರೋಗಿಯನ್ನು ಮುಂದಕ್ಕೆ ಕಳಿಸುವ ಅಧ್ಯಾಯ ಪುಸ್ತಕದ ಕೊನೆಯಲ್ಲಿದೆಯೆಂದು ಬಿಡಬೇಡಿ, ನಮಗೆ ಅದೇ ಮುಖ್ಯ. ನಿಮ್ಮಲ್ಲಿ ಆಗದ್ದು ಎಂದು ಗೊತ್ತಾದ ಕ್ಷಣವೇ ಕಳಿಸುವ ತೀರ್ಮಾನ ಮಾಡಬೇಕು. ತೀರ್ಮಾನ ಬದಲಿಸದ ಪರೀಕ್ಷೆಗಳಿಗಾಗಿ ತಡ ಮಾಡಬಾರದು. ಆ ಕಡೆಯ ಡಾಕ್ಟರ ಜೊತೆ ನೀವೇ ಮಾತಾಡಿ, ಘಾಟಿ ಇಳಿಯುವ ಮುಂಚೆಯೇ, ಏಕೆಂದರೆ ಸಂಪಾಜೆಯ ತಿರುವುಗಳಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಪ್ರಜ್ಞೆಯ ಅಂಕ 8 ಅಥವಾ ಕಡಿಮೆ ಇದ್ದರೆ ಓಡುವ ಆಂಬ್ಯುಲೆನ್ಸಿನಲ್ಲಿ ಟ್ಯೂಬ್ ಹಾಕಲು ಒದ್ದಾಡುವ ಬದಲು ಹೊರಡುವ ಮುಂಚೆಯೇ ಉಸಿರಿನ ದಾರಿ ಭದ್ರ ಮಾಡಿ. ಎದೆಗೆ ನಳಿಗೆ ಹಾಕಿದ್ದರೆ ಬಾಟಲಿಯನ್ನು ಎದೆಗಿಂತ ಕೆಳಗೆ, ತಿರುವಿನಲ್ಲಿ ಮಗುಚದಂತೆ ಬ್ಯಾಂಡೇಜಿನಿಂದ ಸ್ಟ್ರೆಚರಿಗೆ ಕಟ್ಟಿ. ನಳಿಗೆಗೆ ಕ್ಲಾಂಪ್ ಹಾಕಿ ಕಳಿಸಬೇಡಿ. ಮಳೆಗಾಲದಲ್ಲಿ ಒದ್ದೆ ಬಟ್ಟೆ ತೆಗೆಸದೆ ಯಾರನ್ನೂ ಗಾಡಿ ಹತ್ತಿಸಬೇಡಿ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ ಡ್ಯೂಟಿ ಬದಲಿಸಿಕೊಳ್ಳಿ. ಕೇಳಲು ಸಂಕೋಚ ಬೇಡ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಗಾಯಾಳು ಬಂದಾಗ ಮೊದಲು ಮುಟ್ಟುವುದು ನಾವೇ. ಎಟಿಎಲ್‌ಎಸ್ ನಾವೂ ಮಾಡಬಹುದೇ?

ಉತ್ತರ: ಎಟಿಎಲ್‌ಎಸ್ ಪ್ರಮಾಣಪತ್ರ ವೈದ್ಯರಿಗೆ. ನಿಮಗೆ ಅದೇ ಕ್ರಮದ ಮೇಲೆ ಕಟ್ಟಿದ ಎಟಿಸಿಎನ್ (ಅಡ್ವಾನ್ಸ್ಡ್ ಟ್ರಾಮಾ ಕೇರ್ ಫಾರ್ ನರ್ಸಸ್) ಎಂಬ ಕೋರ್ಸ್ ಇದೆ, ಕೇಳಿಕೊಂಡು ಅರ್ಜಿ ಹಾಕಿ ಸಿಸ್ಟರ್. ಅಲ್ಲಿಯ ತನಕ, ನಿಮ್ಮ ಆಸ್ಪತ್ರೆಯಲ್ಲೂ ಮೇಲಿನ ಡಾಕ್ಟರಂತೆ ಓದುತ್ತಿರುವವರು ಇದ್ದರೆ ಕೇಸ್ ಓದುವ ಕೆಲಸ ನೀವು ವಹಿಸಿಕೊಳ್ಳಿ. ನಾಡಿ 130, ಬಿಪಿ 100ಕ್ಕೆ 80 ಎಂದು ಹೇಳಿ, ಅವರು ಮುಂದೇನು ಮಾಡುತ್ತಾರೆ ನೋಡಿ. ಹಂತ ತಪ್ಪಿದರೆ ಅಲ್ಲೇ ತಡೆಯಿರಿ. ಆಮೇಲೆ ಜಾಗ ಬದಲಿಸಿ, ನೀವು ಹೇಳಿ, ಅವರು ಕೇಳಲಿ.