ಓದುಗರ ಪ್ರಶ್ನೆ: ಶಿಕಾಗೋ ಬಾವುಟದ ನಾಲ್ಕು ನಕ್ಷತ್ರ

ಪ್ರಶ್ನೆ: ಶಾಲೆಯ ವಸ್ತುಪ್ರದರ್ಶನಕ್ಕೆ ಮಕ್ಕಳು ಶಿಕಾಗೋ ನಗರದ ಬಾವುಟ ಹೊಲಿಯುತ್ತಿದ್ದಾರೆ. ಈಗಿನದರಲ್ಲಿ ನಕ್ಷತ್ರ ನಾಲ್ಕು, ಹಳೆಯ ಚಿತ್ರದಲ್ಲಿ ಎರಡೇ ಇವೆ. ಯಾವುದು ಸರಿ?
– ಓದುಗರು, ತುಮಕೂರು

ಉತ್ತರ: ಎರಡೂ ಸರಿ. 1917ರಲ್ಲಿ ಬಾವುಟ ಒಪ್ಪಿಕೊಂಡಾಗ ಇದ್ದದ್ದು ಎರಡೇ: 1871ರ ಮಹಾ ಅಗ್ನಿದುರಂತಕ್ಕೊಂದು, 1893ರ ವಿಶ್ವಮೇಳಕ್ಕೊಂದು. 1933ರ ಮೇಳಕ್ಕೆ ಮೂರನೆಯದು ಬಂತು. ಊರು ಬೆಳೆಯುವ ಮೊದಲೇ ಅಲ್ಲಿದ್ದ ಸೇನೆಯ ಡಿಯರ್‌ಬಾರ್ನ್ ಕೋಟೆ ಇವೆಲ್ಲಕ್ಕಿಂತ ಹಳೆಯದು; ಆದರೂ ಅದರ ನಕ್ಷತ್ರ ಸೇರಿದ್ದು ಕೊನೆಗೆ, 1939ರಲ್ಲಿ! ನೀಲಿ ಪಟ್ಟಿಗಳು ನೀರಿನವು, ಬಿಳಿಯವು ಊರಿನ ಉತ್ತರ, ಪಶ್ಚಿಮ, ದಕ್ಷಿಣ ಭಾಗಗಳು.

ಬಟ್ಟೆ 36×24 ಇಂಚು ಇರಲಿ. ನೀಲಿ ಪಟ್ಟಿ ತಲಾ 4 ಇಂಚು, ನಡುವಿನ ಬಿಳಿ 8, ಅಂಚಿನ ಬಿಳಿ 4.

ಎಡವುವುದು ನಕ್ಷತ್ರದಲ್ಲೇ. ಎರಡು ತ್ರಿಕೋನ ಒಂದರ ಮೇಲೊಂದು ಇಟ್ಟರೆ ಮೊನೆ 60 ಡಿಗ್ರಿಯಾಗಿ ಇಸ್ರೇಲ್ ಬಾವುಟದ್ದಾಗಿಬಿಡುತ್ತದೆ. ಇಲ್ಲಿ ಬೇಕಾದ್ದು 30 ಡಿಗ್ರಿಯ ಚೂಪು. ಒಂದೇ ಕೇಂದ್ರದಿಂದ 3 ಇಂಚು, 1.1 ಇಂಚು ತ್ರಿಜ್ಯದ ಎರಡು ವೃತ್ತ ಎಳೆಯಿರಿ. 30 ಡಿಗ್ರಿಗೊಂದರಂತೆ 12 ಗೆರೆ ಹಾಕಿ, ಹೊರವೃತ್ತ–ಒಳವೃತ್ತದ ಬಿಂದುಗಳನ್ನು ಸರದಿಯಂತೆ ಸೇರಿಸಿದರಾಯಿತು. ಒಂದು ಮೊನೆ ನೇರ ಮೇಲಕ್ಕಿರಲಿ. ನಕ್ಷತ್ರದ ಕೆಂಪು ಬಟ್ಟೆ ಕತ್ತರಿಸುವ ಮೊದಲೇ ಒಗೆದು ಒಣಗಿಸಿ, ಇಲ್ಲದಿದ್ದರೆ ಬಿಳಿಗೆ ಬಣ್ಣ ಹತ್ತುತ್ತದೆ.