ಸಂಪಾದಕರ ಉತ್ತರ: ಆಫೀಸ್ ಯಾಕ ಕೇಳ್ತಾರ ಅಂತ ಕೇಳೀರೇನ್ರಿ?

ಹಾವೇರಿಯ ಕಂಟ್ರಾಕ್ಟರ್ ಓದುಗರೊಬ್ರು ಬರ್ದಾರ: "ಸಿವಿಲ್ ಓದಿದ ಹೆಣ್ಣುಮಕ್ಕಳು ತಾವ ಆಫೀಸ್ ಕೆಲಸ ಕೇಳ್ತಾರ, ಹತ್ತು ವರ್ಷ ಆದ್ಮ್ಯಾಲೆ ಪ್ರಾಜೆಕ್ಟ್ ಮ್ಯಾನೇಜರ್ ಮಾಡ್ಲಿಲ್ಲ ಅಂತ ಗೊಣಗ್ತಾರ. ಸೈಟ್ ಕಾಣದವ್ರ ಕೈಯಾಗ ಸೈಟ್ ಹೆಂಗ್ ಕೊಡೂದ್ರಿ?"

ಪೂರ್ತಿ ಸುಳ್ಳಲ್ಲ ಬಿಡ್ರಿ. ಬಿಲ್ಲಿಂಗ್, ಡ್ರಾಯಿಂಗ್ ಅಂತ ಕೂತ್ರ ಸೈಟ್ ಅನುಭವ ಬರಂಗಿಲ್ಲ, ಅದಿಲ್ದ ಮ್ಯಾಲಿನ ಕುರ್ಚಿ ಸಿಗಂಗಿಲ್ಲ. ಆದ್ರ ಆಫೀಸ್ ಯಾಕ ಕೇಳ್ತಾರ?

ಧಾರವಾಡದಾಗ ನಮ್ಮ ಮನಿ ಸ್ಲ್ಯಾಬ್ ಹಾಕೋ ದಿವ್ಸ ಬಂದಾಕಿ ಒಬ್ಬ ಹುಡುಗಿ ಇಂಜಿನಿಯರ್. ಮೇಸ್ತ್ರಿ ಆಕಿನ್ನ ನೋಡಿ "ಸಾಹೇಬ್ರು ಯಾವಾಗ ಬರ್ತಾರ್ರೀ" ಅಂದ. ಆಕಿ ತುಟಿ ಬಿಚ್ಚಲಿಲ್ಲ, ಕಂಬಿ ಕೆಳಗ ಬೆರಳ್ ತೂರಿಸ್ಕೋತ ಹೋಗಿ ಕವರ್ ಬ್ಲಾಕ್ (ಕಂಬಿ ತಳಕ್ಕ ಹತ್ತದಂಗ ಎತ್ತಿ ಹಿಡಿಯೂ ಸಣ್ಣ ಬಿಲ್ಲೆ) ಇಲ್ಲದ ಕಡೆಲ್ಲಾ ಇಡಿಸಿದ್ಲು, ಮಿಕ್ಸರಿಗೆ ಇನ್ನೊಂದ್ ಕೊಡ ನೀರ್ ಸುರಿಯಾಕ ಹೋದವನ ಕೈ ತಡದ್ಲು, ನೀರ್ ಹೆಚ್ಚಾದ್ರ ಕಾಂಕ್ರೀಟ್ ಸಲೀಸ್ ಹರೀತೈತಿ ಖರೆ, ಬಲ ಹೋಗತೈತಿ. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಬಾಯಾಗ "ಮೇಡಂ" ಬಂದಿತ್ತು. ಆದ್ರ ಮುಂಜಾನಿ ಆರರಿಂದ ಆಕಿ ಒಂದ್ ಗುಟುಕ್ ನೀರ್ ಕುಡದಿರ್ಲಿಲ್ಲ. ಸೈಟಿನಾಗ ಸಂಡಾಸ ಇಲ್ಲ, ಬಾಜೂ ಮನಿಯವ್ರು ಬೀಗ ಹಾಕ್ಕೊಂಡ್ ಊರಿಗೆ ಹೋಗಿದ್ರು. ಟೈಲ್ಸ್ ಆರ್ಸಾಕ ಮೂರ್ ಸಲ ಅಂಗಡಿಗೆ ಓಡಾಡಿದ ನನಗ ನಾಕ್ ತಗಡು ನಿಲ್ಸಬೇಕು ಅನ್ನೂದು ಹೊಳದಿರ್ಲಿಲ್ಲ ನೋಡ್ರಿ, ನಾಚಿಕಿ ಆತು.

ಇದೇನ್ ಹೊಸಾ ಮಾತಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೊಳಗ ಶೌಚಾಲಯ ಇರಬೇಕಂತ, 50ಕ್ಕಿಂತ ಹೆಚ್ಚು ಹೆಣ್ಣಾಳಿದ್ರ ಅವ್ರ ಕೂಸುಗಳಿಗೆ ಕೋಣಿ ಬೇಕಂತ ಬರದಿದ್ರು.

ಸಾಮರ್ಥ್ಯದ ಮಾತಂತೂ ಎತ್ತಬ್ಯಾಡ್ರಿ. ಶಕುಂತಲಾ ಭಗತ್ 1953ರಾಗ ಸಿವಿಲ್ ಡಿಗ್ರಿ ತಗೊಂಡು ಸೇತುವೆ ಕಟ್ಟಿದಾಕಿ. ಕೇರಳದ ಪಿ.ಕೆ. ತ್ರೇಸಿಯಾ 1971ರಾಗ ಲೋಕೋಪಯೋಗಿ ಇಲಾಖೆ ಚೀಫ್ ಇಂಜಿನಿಯರ್. ಜಮ್ಮು-ಕಾಶ್ಮೀರದಾಗಿನ 359 ಮೀಟರ್ ಎತ್ತರದ ಚೆನಾಬ್ ರೈಲ್ವೆ ಸೇತುವೆಯ ಗುಡ್ಡದ ಬಂಡೆಗಲ್ಲು ಹಿಡಿದು ನಿಲ್ಸೂ ಕೆಲಸಕ್ಕ ನಮ್ಮ ಬೆಂಗಳೂರು ಐಐಎಸ್‌ಸಿಯ ಜಿ. ಮಾಧವಿ ಲತಾ 17 ವರ್ಷ ಹಚ್ಚಿದ್ರು.

ನಮ್ಮ ಮಂದಿನೂ ಅಷ್ಟ ರೀ. ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮಿನ ಮ್ಯಾಲ ಸೆಲ್ಫಿ ಹೊಡ್ಕೋತೀವಿ, ಮನಿಯಾಗ ಹೆಣ್ಣು ನೋಡಾಕ ಹೋದಾಗ "ಸೈಟ್ ಬಿಡಸ್ತೀರಿ ಹೌದಲ್ರಿ" ಅಂತ ಅವಲಕ್ಕಿ ತಿಂತೀವಿ. ಅಳಿಯಾ ಸೈಟ್ ಇಂಜಿನಿಯರ್ ಆದ್ರ ಮಾತ್ರ "ಮ್ಯಾಲಿನ ಗಳಿಕಿ ಎಷ್ಟ್ರಿ" ಅಂತ ಕೇಳ್ತೀವಿ!

ನೀವು ಪತ್ರ ಬರಿಯೂ ಮನಸ್ಸು ಮಾಡೀರಿ, ಅಂದ್ರ ಒಳಗೊಳಗ ನಿಮಗೂ ಚುಚ್ಚೇತಿ. ಮುಂದಿನ ತಿಂಗಳು ಹಾವೇರಿಗೆ ಬರ್ತೀನಿ. ಚಹಾ ಆಮ್ಯಾಲೆ, ಮೊದ್ಲ ಸೈಟಿನ್ಯಾಗ ಆ ತಗಡಿನ ಬಾಗಲಾ ತೋರ್ಸ್ರಿ, ಒಳಗ ಚಿಲಕ ಐತೋ ಇಲ್ಲೋ ನೋಡೂಣು.