ಪ್ರಾರ್ಥನೆಗೆ ಉತ್ತರ ಬಾರದಿದ್ದಾಗ ನಂಬಿಕೆ ಹೆಚ್ಚಿಸಿಕೊಳ್ಳುವುದು ಹೇಗೆ?

ಎರಡು ವರ್ಷದಿಂದ ಕೆಲಸಕ್ಕಾಗಿ ಪ್ರಾರ್ಥಿಸುತ್ತಿದ್ದೀರಿ, ನಿಮ್ಮ ನಂಬಿಕೆ ಸಾಲದೇ ದೇವರು ಸುಮ್ಮನಿದ್ದಾನೇನೋ ಎಂದು ಬರೆದಿದ್ದೀರಿ. ನಲವತ್ತು ದಿನ ಉಪವಾಸ ಮಾಡಲಾ, ಬೇರೆ ಸಭೆಗೆ, ಅಂದರೆ ಬೇರೆ ಚರ್ಚಿಗೆ, ಹೋಗಲಾ ಎಂದೂ ಕೇಳಿದ್ದೀರಿ. ಓದಿ ಸ್ವಲ್ಪ ಹೊತ್ತು ಹಾಗೇ ಕೂತುಬಿಟ್ಟೆ. 2017ರಲ್ಲಿ ನನ್ನ ಬಾಯಲ್ಲೂ ಇದೇ ಮಾತಿತ್ತು.

ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಮಷೀನ್ ಶಾಪಿನಲ್ಲಿ ಹನ್ನೊಂದು ವರ್ಷ ಸಿಎನ್‌ಸಿ ಆಪರೇಟರ್, ಅಂದರೆ ಕಂಪ್ಯೂಟರ್ ನಡೆಸುವ ಮಷೀನ್ ನೋಡಿಕೊಳ್ಳುವವ, ಆಗಿದ್ದೆ. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾಯಿತಲ್ಲ, ಅದಾದ ಮೇಲೆ ನಮಗೆ ಆರ್ಡರ್ ಬರುವುದೇ ನಿಂತುಹೋಯಿತು. ಮೊದಲು ನೈಟ್ ಶಿಫ್ಟ್ ತೆಗೆದರು. ಜನವರಿಯಲ್ಲಿ ಆರು ಜನರನ್ನು ಮನೆಗೆ ಕಳಿಸಿದರು, ಅದರಲ್ಲಿ ನಾನೂ ಒಬ್ಬ.

ಭಾನುವಾರ ನಮ್ಮ ಸಭೆಯ ಆರಾಧನೆ. ಅದು ಸಾಲದು ಅನ್ನಿಸಿ ಶುಕ್ರವಾರ ಒಂದು ಮನೆಯಲ್ಲಿ ನಡೆಯುವ ಉಪವಾಸ ಕೂಟಕ್ಕೂ ಹೋಗತೊಡಗಿದೆ. ಅದನ್ನು ನಡೆಸುವವರು ಬೈಬಲಿನ ಮಾರ್ಕ 11:24 ತೆಗೆದು ತೋರಿಸಿದರು. ಬೇಡಿಕೊಂಡದ್ದು ಸಿಕ್ಕಿದೆ ಎಂದು ನಂಬಿರಿ ಎನ್ನುವ ವಚನ ಅದು. "ಬ್ರದರ್, ಸಿಕ್ಕಿತು ಅಂತ ಬಾಯಿಬಿಟ್ಟು ಸಾಕ್ಷಿ ಹೇಳಿ. ಹೇಳಿದ ಮೇಲೆ ಕೆಲಸ ತಾನಾಗಿ ಬರುತ್ತೆ" ಎಂದರು. ಆ ವಾರವಷ್ಟೇ ಬೊಮ್ಮಸಂದ್ರದ ಒಂದು ಕಂಪನಿಯಲ್ಲಿ ಎರಡನೇ ಇಂಟರ್‌ವ್ಯೂ ಮುಗಿಸಿ ಬಂದಿದ್ದೆ. ಫೋನ್ ಮಾಡುತ್ತೇವೆ ಎಂದಿದ್ದರು. ನಾನು ಎದ್ದು ನಿಂತು, "ಕರ್ತನು ನನಗೆ ಬೊಮ್ಮಸಂದ್ರದಲ್ಲಿ ಕೆಲಸ ಕೊಟ್ಟಿದ್ದಾನೆ" ಎಂದೆ.

'ಕೊಡುತ್ತಾನೆ' ಎನ್ನಲಿಲ್ಲ, 'ಕೊಟ್ಟಿದ್ದಾನೆ' ಎಂದೆ. ಇದನ್ನು ನಿಮಗೆ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಮುಂದಿನದ್ದೆಲ್ಲ ಆಗಿದ್ದು ಇದರಿಂದ. ಕೊಡುತ್ತಾನೆ ಎಂದರೆ ಅದು ನನ್ನ ನಿರೀಕ್ಷೆ. ಕೊಟ್ಟಿದ್ದಾನೆ ಎಂದರೆ ಆಗಿಹೋದ ಸಂಗತಿ, ಕೇಳಿದವರು ಸಂಗತಿ ಅಂತಲೇ ತಗೊಂಡರು. ಅದರಲ್ಲಿ ಅವರ ತಪ್ಪೇನಿದೆ? ಎಲ್ಲರೂ ಸ್ತೋತ್ರ ಸ್ತೋತ್ರ ಎಂದರು. ಒಬ್ಬರು ಮರುದಿನ ಅರ್ಧ ಕೆಜಿ ಮೈಸೂರ್ ಪಾಕ್ ಮನೆಗೇ ತಂದುಕೊಟ್ಟರು. ಭಾನುವಾರದ ಹೊತ್ತಿಗೆ ಸುದ್ದಿ ನಮ್ಮ ಸಭೆಗೆಲ್ಲ ಗೊತ್ತಾಗಿತ್ತು. ಮಾರ್ಕನು ಬರೆದದ್ದು ನಂಬಿರಿ ಅಂತ, ಬರದೇ ಇರುವುದನ್ನು ಬಂತು ಎಂದು ನಾಲ್ಕು ಜನರಿಗೆ ಸಾರಿರಿ ಅಂತ ಅಲ್ಲ. ಆ ವ್ಯತ್ಯಾಸ ನನಗೆ ಅವತ್ತು ಹೊಳೆಯಲಿಲ್ಲ. ಇನ್ನೂ ಒಂದು ಮಾತು. ಸಾಕ್ಷಿ ಹೇಳುವಾಗ ನನಗೆ ನಂಬಿಕೆ ಇರಲಿಲ್ಲ, ಭಯ ಇತ್ತು. ಹೇಳದಿದ್ದರೆ ದೇವರು ಕೊಡುವುದಿಲ್ಲ ಎನ್ನುವ ಭಯ.

ಫೋನ್ ಬರಲಿಲ್ಲ.

ನಮ್ಮ ದಾಸರಹಳ್ಳಿಯ ಬೀದಿಯಲ್ಲೇ ಸಭೆಯವರ ನಾಲ್ಕು ಮನೆಗಳಿವೆ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಮನೆ ಬಿಡಬೇಕಾಯಿತು. ಹೆಂಡತಿ ಡಬ್ಬಿ ಕಟ್ಟಿಕೊಡುತ್ತಿದ್ದಳು. ಚಿತ್ರಾನ್ನವೋ, ಚಪಾತಿಯೋ, ನಿಜವಾಗಿ ಕೆಲಸಕ್ಕೆ ಹೋಗುವವನಿಗೆ ಕಟ್ಟುವ ಹಾಗೇ. ಕಬ್ಬನ್ ಪಾರ್ಕಿನ ಸೆಂಟ್ರಲ್ ಲೈಬ್ರರಿಯಲ್ಲಿ ಪೇಪರ್ ಓದುತ್ತಿದ್ದೆ. ಮಧ್ಯಾಹ್ನ ಪಾರ್ಕಿನ ಬೆಂಚಿನಲ್ಲಿ ಡಬ್ಬಿ ಬಿಚ್ಚುತ್ತಿದ್ದೆ. ಕೆಲವು ದಿನ ಕಾರ್ಪೊರೇಷನ್ ಹತ್ತಿರ ಹಡ್ಸನ್ ಚರ್ಚಿನ ಮುಂದೆ ನಿಲ್ಲುತ್ತಿದ್ದೆ, ಒಳಗೆ ಹೋಗಲು ಕಾಲು ಬರುತ್ತಿರಲಿಲ್ಲ. ಆರು ವಾರ ಹೀಗೇ ನಡೆಯಿತು. ಒಂದು ರಾತ್ರಿ ಡಬ್ಬಿ ತೊಳೆದು ಬೋರಲು ಹಾಕಿ ಹೆಂಡತಿ ಹೇಳಿದಳು, "ನಾಳೆಯಿಂದ ನಾನು ಡಬ್ಬಿ ಕಟ್ಟಲ್ಲ ರೀ. ಮಗಳ ಹತ್ರಾನೂ ಸುಳ್ಳು ಹೇಳಿಸ್ತಾ ಇದ್ದೀವಿ." ಮರುದಿನದಿಂದ ನಾನು ಮನೆಯಿಂದಲೇ ಹೊರಗೆ ಬರಲಿಲ್ಲ. ಸಭೆಗೂ ಹೋಗಲಿಲ್ಲ, ಪ್ರಾರ್ಥನೆಯೂ ಬಿಟ್ಟುಹೋಯಿತು.

ಜೂನ್‌ನಲ್ಲಿ ಹಿಂದಿನ ಕ್ರಾಸಿನ ಒಬ್ಬ ಅಜ್ಜಿ ಕೋಲೂರಿಕೊಂಡು ಮನೆಗೆ ಬಂದರು. ಅವರೂ ನಮ್ಮ ಸಭೆಯವರೇ. ಎಲ್ಲಪ್ಪಾ ನಿನ್ನ ಕೆಲಸ ಎಂದು ಕೇಳಲಿಲ್ಲ. "ಕಣ್ಣಿಗೆ ಪೊರೆ ಬಂದಿದೆ ಕಣಪ್ಪಾ, ಅಕ್ಷರ ಕಾಣಲ್ಲ. ದಿನಾ ಬೈಬಲಿನ ಒಂದು ಕೀರ್ತನೆ ಓದಿ ಹೇಳ್ತೀಯಾ?" ಎಂದರು. ಅಜ್ಜಿ, ನನಗೆ ಈಗ ನಂಬಿಕೆಯೇ ಇಲ್ಲ ಎಂದೆ. "ನಿನ್ನ ಕಣ್ಣು ಚೆನ್ನಾಗಿದೆ ಅಲ್ವಾ? ಅಷ್ಟು ಸಾಕು, ಓದು" ಎಂದರು.

ಅವರ ಸತ್ಯವೇದಕ್ಕೆ ಹಳೇ ಸೀರೆಯ ಹೊದಿಕೆ ಹೊಲಿದಿತ್ತು. ಹಾಳೆಗಳ ಅಂಚಿನಲ್ಲಿ ಅರಿಶಿನದ ಬೆರಳಿನ ಗುರುತು. ಒಲೆ ಮುಂದೆ ಕೂತು ಓದಿದವರ ಪುಸ್ತಕ ಅದು. ಹದಿಮೂರನೇ ದಿನ 13ನೇ ಕೀರ್ತನೆ ಬಂತು. ಇರುವುದೇ ಆರು ವಚನ. ಮೊದಲ ಎರಡರಲ್ಲೇ ದಾವೀದ ಎಲ್ಲಿಯವರೆಗೆ, ಎಲ್ಲಿಯವರೆಗೆ ಎಂದು ಮತ್ತೆ ಮತ್ತೆ ಕೇಳುತ್ತಾನೆ. ಇಂಥದ್ದನ್ನು ದೇವರ ಮುಖಕ್ಕೇ ಕೇಳಬಹುದು ಎಂದು ಚಿಕ್ಕಂದಿನಿಂದ ಚರ್ಚಿಗೆ ಹೋಗುವ ನನಗೆ ಗೊತ್ತೇ ಇರಲಿಲ್ಲ. 88ನೆಯದು ಇನ್ನೂ ಕಷ್ಟ. ಉಳಿದ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಯಲ್ಲಿ ಸ್ವಲ್ಪವಾದರೂ ತಿರುಗಿ ಸ್ತುತಿಗೆ ಬರುತ್ತವೆ. ಇದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ನಾನು ಗಾಬರಿಯಾಗಿ, ಅಜ್ಜಿ, ಮುಂದಿನದೂ ಓದಲಾ ಎಂದೆ. "ಬೇಡ. ಇವತ್ತಿಗೆ ಇಷ್ಟೇ" ಎಂದು ಪುಸ್ತಕ ಮುಚ್ಚಿಸಿದರು. ಅವತ್ತು ರಾತ್ರಿ ಎಷ್ಟೋ ತಿಂಗಳ ಮೇಲೆ ಪ್ರಾರ್ಥಿಸಿದೆ. ನೀನು ನನಗೆ ಏನೂ ಕೊಟ್ಟಿಲ್ಲ ಎಂದು ಹೇಳಿದೆ, ಅಷ್ಟೇ.

150 ಕೀರ್ತನೆಗಳೂ ಮುಗಿದಾಗ ನವೆಂಬರ್. ನಮ್ಮ ಸಭೆಯ ಪಾಸ್ಟರ್ ಅಯ್ಯನವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಆರಾಧನೆಯಲ್ಲಿ ಎರಡು ನಿಮಿಷ ಕೊಟ್ಟರು. ನನಗೆ ಕೆಲಸ ಸಿಕ್ಕಿರಲಿಲ್ಲ, ಮಾರ್ಚ್‌ನಲ್ಲಿ ಹೇಳಿದ್ದು ಸುಳ್ಳು, ಪ್ರಾರ್ಥಿಸಿ ಎಂದೆ. ಆಚೆ ಬಂದಾಗ ಸಭೆಯ ಹಿರಿಯರೊಬ್ಬರು ಕೈ ಹಿಡಿದುಕೊಂಡರು. ಅವರದ್ದೂ ಪೀಣ್ಯದಲ್ಲಿ ಸಣ್ಣ ಶಾಪು. "ನಮ್ಮಲ್ಲಿ ಒಂದು ಜಾಗ ನಿನಗೇ ಅಂತ ಇಟ್ಟಿದ್ದೆ ಮಾರಾಯ. ನಿನಗೆ ಬೊಮ್ಮಸಂದ್ರದಲ್ಲಿ ಆಯ್ತು ಅಂತ ಕೇಳಿ ಬೇರೆ ಹುಡುಗನಿಗೆ ಕೊಟ್ಟೆ" ಎಂದರು. ಅವರ ಕಣ್ಣು ತುಂಬಿತ್ತು. ನನಗೆ ನಿಂತ ನೆಲವೇ ಕುಸಿದ ಹಾಗಾಯಿತು. ನಾನು ಬೇಡಿಕೊಂಡದ್ದು ನಾಲ್ಕು ಬೆಂಚು ಮುಂದೆ ಕೂತಿತ್ತು.

ಮತ್ತೆ ಒಂದು ವರ್ಷ ಕಾದೆ. 2018ರ ನವೆಂಬರ್‌ನಲ್ಲಿ ಅದೇ ಹಿರಿಯರು ಹೇಳಿ ರಾಜಾಜಿನಗರದಲ್ಲಿ ಕೆಲಸ ಆಯಿತು, ಹಳೆಯ ಸಂಬಳಕ್ಕಿಂತ ನಾಲ್ಕು ಸಾವಿರ ಕಡಿಮೆಗೆ.

ಈಗ ನಿಮ್ಮ ಪ್ರಶ್ನೆ. ನಂಬಿಕೆ ಹೆಚ್ಚಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಆ ಪ್ರಶ್ನೆಯನ್ನೇ ಬಿಡಿ ಎನ್ನುತ್ತೇನೆ. ಇಷ್ಟು ನಂಬಿಕೆ ಹಾಕಿದರೆ ಇಷ್ಟು ಉತ್ತರ ಬರುತ್ತೆ ಎಂದು ಲೆಕ್ಕ ಹಾಕುವವರು ಬೈಬಲಿನ ಇಬ್ರಿಯ 11ನ್ನು ಪೂರ್ತಿ ಓದಲಿ. ನಂಬಿಕೆಯ ದೊಡ್ಡ ದೊಡ್ಡ ಹೆಸರುಗಳೆಲ್ಲ ಅಲ್ಲಿವೆ. ಕೊನೆಗೆ 39ನೇ ವಚನದಲ್ಲಿ, ಇವರ್‍ಯಾರಿಗೂ ವಾಗ್ದಾನದ ಫಲ ಸಿಗಲಿಲ್ಲ ಎಂದಿದೆ. ಸೆರೆಮನೆಯಲ್ಲಿದ್ದ ಸ್ನಾನಿಕನಾದ ಯೋಹಾನ, ಬರಬೇಕಾದವನು ನೀನೇನಾ, ಬೇರೊಬ್ಬನಿಗೆ ಕಾಯಬೇಕಾ ಎಂದು ಯೇಸುವನ್ನೇ ಕೇಳಿಸಿದ. ಯೇಸು ಬೈಯಲಿಲ್ಲ. ಅವನಿಗಿಂತ ದೊಡ್ಡವನು ಹುಟ್ಟಿಲ್ಲ ಎಂದು ಜನರ ಮುಂದೆ ಹೊಗಳಿದ. ಇಷ್ಟು ಅನುಮಾನ ಇಟ್ಟುಕೊಂಡೂ ನೀವು ಇನ್ನೂ ಪ್ರಾರ್ಥಿಸುತ್ತಿದ್ದೀರಲ್ಲ, ನಿಮ್ಮ ನಂಬಿಕೆಗೆ ಏನು ಕಡಿಮೆ?

ನಲವತ್ತು ದಿನದ ಉಪವಾಸ ಈಗ ಬೇಡ. ಸಾಯುತ್ತೇನೆ ಎಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೂತ ಮೊದಲು ಹೇಳಿದ್ದು ಎದ್ದು ಊಟ ಮಾಡು ಅಂತ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು, ಮತ್ತೆ ನಿದ್ದೆ. ವಾರಗಟ್ಟಲೆ ನಿದ್ದೆ ಬರದೆ, ಊಟ ಸೇರದೆ ಇದ್ದರೆ ಡಾಕ್ಟರ ಹತ್ತಿರ ಹೋಗಿ. ನಮ್ಮ ಊರಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ಇದೆ. ಹೋದರೆ ಅದು ಅಪನಂಬಿಕೆ ಆಗುವುದಿಲ್ಲ.

ಸಭೆ ಬದಲಿಸುವ ಮೊದಲು ಈಗಿರುವ ಸಭೆಯಲ್ಲಿ ಮೂರು ಜನರಿಗೆ ನಿಮ್ಮ ಪರಿಸ್ಥಿತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಎಷ್ಟು ಸಾಲ ಇದೆ, ಯಾವ ಕೆಲಸ ಬರುತ್ತದೆ, ಎಲ್ಲೆಲ್ಲಿ ಕೇಳಿದ್ದೀರಿ, ಎಲ್ಲ. ಕೈಗೆ ಕೆಲಸದ ಆರ್ಡರ್ ಪತ್ರ ಬರುವ ತನಕ ಯಾರು ಒತ್ತಾಯ ಮಾಡಿದರೂ ಸಾಕ್ಷಿ ಹೇಳಬೇಡಿ.

ಅಜ್ಜಿಗೆ ಆಮೇಲೆ ಪೊರೆಯ ಆಪರೇಷನ್ ಆಯಿತು, ಈಗ ಅವರೇ ಓದಬಲ್ಲರು. ಆದರೂ ಸೋಮವಾರ ಸಂಜೆ ಹೋದರೆ ಪುಸ್ತಕ ನನ್ನ ಕೈಗೇ ಕೊಡುತ್ತಾರೆ. ಅವರ ಒಬ್ಬನೇ ಮಗ ಜಗಳ ಮಾಡಿಕೊಂಡು ಮನೆ ಬಿಟ್ಟು ಹೋಗಿದ್ದಾನೆ ಎನ್ನುವುದು ನನಗೆ ತುಂಬಾ ತಡವಾಗಿ ಗೊತ್ತಾಯಿತು. ನನ್ನ ಕೆಲಸಕ್ಕಾಗಿ ಅವರು ಪ್ರಾರ್ಥಿಸುತ್ತಿದ್ದ ದಿನಗಳಲ್ಲೂ ಅವನಿಗಾಗಿ ಕಾಯುತ್ತಿದ್ದರು. ಓದಿದ ಮೇಲೆ ಅವನ ಹೆಸರು ಹಿಡಿದು ಒಂದೇ ಸಾಲು ಪ್ರಾರ್ಥಿಸುತ್ತಾರೆ. ಆಮೇಲೆ ಕಾಫಿ ಇಡಲು ಏಳುತ್ತಾರೆ. ಅವನು ಇನ್ನೂ ಬಂದಿಲ್ಲ.